ಹಬ್ಬದ ಜನಸಂದಣಿ: ನಮ್ಮ ಧರ್ಮಕೇಂದ್ರಗಳು ಎಷ್ಟು ಸಿದ್ಧ?

ಹಲವು ವರ್ಷಗಳ ಹಿಂದೆ, ನಾನು ಸಹಾಯಕ ಗುರುವಾಗಿದ್ದ ಧರ್ಮಕೇಂದ್ರವೊಂದರಲ್ಲಿ ವಾರ್ಷಿಕ ಹಬ್ಬದ ಸಂಜೆಯ ಬಲಿಪೂಜೆ ಚರ್ಚ್ ಮೈದಾನದಲ್ಲಿ ನಡೆದಿತ್ತು. ಗಾಯನ ಚೆನ್ನಾಗಿತ್ತು, ಪ್ರಬೋಧನೆ ಚೆನ್ನಾಗಿತ್ತು, ವಿದ್ಯುದ್ದೀಪಾಲಂಕಾರವನ್ನು ನೋಡಲು ಪಕ್ಕದ ಊರಿನವರೂ ಬಂದಿದ್ದರು. ಅಂತಿಮ ಆಶೀರ್ವಾದ ಮುಗಿದು ಐದು ನಿಮಿಷ ಆಗಿರಬೇಕು, ಜನರೇಟರ್ ಕೈಕೊಟ್ಟಿತು. ಮೈದಾನ ಪೂರ್ತಿ ಕತ್ತಲೆ. ಎಲ್ಲರೂ ರಸ್ತೆ ಬದಿಯ ದೊಡ್ಡ ಗೇಟಿನತ್ತ ಹೊರಟರು. ಆ ಗೇಟಿನ ಅರ್ಧಭಾಗದಲ್ಲಿ ಐಸ್‌ಕ್ರೀಮ್ ಗಾಡಿಯೊಂದು ನಿಂತಿತ್ತು. ಇನ್ನರ್ಧದಲ್ಲಿ ಅತಿಥಿಯೊಬ್ಬರ ಕಾರು. ಹಿಂದಿನವರು ತಳ್ಳಿದರು, ಮುಂದಿನವರು ಕೂಗಿದರು, ಮಧ್ಯದಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೆಳಗೆ ಬಿದ್ದರು. ಯಾರೋ ಇಬ್ಬರು ಯುವಕರು ಅವರ ಮೇಲೆ ಬಾಗಿ ಬೆನ್ನು ಕೊಟ್ಟು ನಿಂತದ್ದರಿಂದ ಪ್ರಾಣ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್ ಒಳಗೆ ಬರಲಾಗದೆ ಅವರನ್ನು ಬೆಂಚಿನ ಮೇಲೆ ಮಲಗಿಸಿ ರಸ್ತೆಯವರೆಗೆ ಹೊತ್ತೊಯ್ದರು.

ಮುಂದಿನ ವಾರ ಪಾಲನಾ ಪರಿಷತ್ತಿನ ಸಭೆ ನಡೆಯಿತು. ಹಬ್ಬದ ಲೆಕ್ಕಪತ್ರಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಜ್ಜಿಯ ವಿಷಯಕ್ಕೆ ಎರಡು ನಿಮಿಷ. ಹಿರಿಯ ಗುರಿಕಾರರೊಬ್ಬರು, "ಫಾದರ್, ಇಷ್ಟು ವರ್ಷ ಏನೂ ಆಗ್ಲಿಲ್ಲ ಅಲ್ವಾ? ಇದೊಂದು ಆಕಸ್ಮಿಕ" ಅಂದರು. ಎಲ್ಲರೂ ತಲೆದೂಗಿದರು. ನಾನೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ, ಈ ಲೇಖನಕ್ಕೆ ಅದೇ ಕಾರಣ.

ನಮ್ಮ ಕರಾವಳಿಯಲ್ಲಿ ಹಬ್ಬಗಳಿಗೆ ಬರವಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ನವೆಂಬರಿನಿಂದ ಫೆಬ್ರವರಿವರೆಗೆ ಸಾಲುಸಾಲಾಗಿ ಬರುವ ಧರ್ಮಕೇಂದ್ರಗಳ ವಾರ್ಷಿಕ ಹಬ್ಬಗಳು, ಅವುಗಳ ಮುನ್ನ ಭ್ರಾತೃತ್ವದ ಭಾನುವಾರದ ಪರಮಪ್ರಸಾದದ ಮೆರವಣಿಗೆ, ಕ್ರಿಸ್ಮಸ್ ರಾತ್ರಿ, ಪಾಸ್ಕ ಜಾಗರಣೆ, ಜನವರಿಯಲ್ಲಿ ಬಿಕರ್ನಕಟ್ಟೆಯ ಬಾಲಯೇಸುವಿನ ಹಬ್ಬ, ಅದೇ ತಿಂಗಳ ಕೊನೆಗೆ ಅತ್ತೂರಿನ ಸಾಂತ್‌ಮಾರಿ. ಇವುಗಳಲ್ಲಿ ದೊಡ್ಡ ಯಾತ್ರಾಸ್ಥಳಗಳಿಗೆ ಪೊಲೀಸರ ಬಂದೋಬಸ್ತು, ಅನುಭವಿ ಸಮಿತಿ ಎಲ್ಲವೂ ಇರುತ್ತವೆ. ನನ್ನ ಚಿಂತೆ ಇರುವುದು ಎಂಟುನೂರರಿಂದ ಮೂರು ಸಾವಿರ ಜನ ಸೇರುವ ಸಾಧಾರಣ ಧರ್ಮಕೇಂದ್ರಗಳ ಬಗ್ಗೆ. ಅಲ್ಲಿ ಪೆಂಡಾಲಿನವರು, ಲೈಟಿನವರು, ಬ್ಯಾಂಡಿನವರು, ಊಟದವರು ಎಲ್ಲರೂ ತಿಂಗಳ ಮೊದಲೇ ನಿಗದಿಯಾಗಿರುತ್ತಾರೆ. ಜನರನ್ನು ಸುರಕ್ಷಿತವಾಗಿ ಒಳಗೆ ತಂದು ಹೊರಗೆ ಕಳುಹಿಸುವ ಹೊಣೆ ಮಾತ್ರ ಯಾರ ಹೆಸರಿನಲ್ಲೂ ಇರುವುದಿಲ್ಲ.

ದೇವರು ನೋಡಿಕೊಳ್ಳುತ್ತಾರೆ ಎನ್ನುವವರಿಗೆ ಮಾರ್ಕನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ಓದಲು ಹೇಳುತ್ತೇನೆ. ಗಲಿಲೇಯ ಸರೋವರದ ದಡದಲ್ಲಿ ಜನ ಮುಗಿಬೀಳುತ್ತಿದ್ದಾಗ, ಅವರು ತಮ್ಮನ್ನು ಒತ್ತರಿಸದಂತೆ ಒಂದು ಚಿಕ್ಕ ದೋಣಿಯನ್ನು ಸಿದ್ಧವಾಗಿಡಲು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದರು. ಪ್ರಭುವೇ ಜನಸಂದಣಿಯಿಂದ ಹೊರಬರಲು ಇನ್ನೊಂದು ದಾರಿಯನ್ನು ಮೊದಲೇ ಯೋಚಿಸಿ ಇಟ್ಟಿದ್ದರು.

ಕಾಲ್ತುಳಿತ ಎಂಬ ತಪ್ಪು ಹೆಸರು

ಪತ್ರಿಕೆಗಳಲ್ಲಿ ನಾವು 'ಕಾಲ್ತುಳಿತ' ಎಂದು ಓದುತ್ತೇವೆ. ಜನ ಹುಚ್ಚೆದ್ದು ಓಡಿದರು, ಬಿದ್ದವರನ್ನು ತುಳಿದರು ಎಂಬ ಚಿತ್ರ ಕಣ್ಣಮುಂದೆ ಬರುತ್ತದೆ. ನಿಜಸ್ಥಿತಿ ಹೆಚ್ಚಾಗಿ ಬೇರೆ. ಇಂತಹ ದುರಂತಗಳಲ್ಲಿ ಸತ್ತವರಲ್ಲಿ ಬಹುಪಾಲು ಜನ ಸಾಯುವುದು ಉಸಿರು ಕಟ್ಟಿ. ಸುತ್ತಲಿನ ಒತ್ತಡಕ್ಕೆ ಎದೆ ಅಗಲಿಸಲಾಗದೆ, ಎಷ್ಟೋ ಸಲ ನಿಂತಲ್ಲೇ, ಪ್ರಾಣ ಹೋಗುತ್ತದೆ.

ಒಂದು ಚದರ ಮೀಟರ್ ಜಾಗ ಎಂದರೆ ನಮ್ಮ ಚರ್ಚ್ ಬಾಗಿಲಲ್ಲಿ ಹಾಸುವ ದೊಡ್ಡ ಕಾಲೊರಸಿನಷ್ಟು ಎಂದುಕೊಳ್ಳೋಣ. ಅದರಲ್ಲಿ ಇಬ್ಬರಿದ್ದರೆ ಆರಾಮವಾಗಿ ನಡೆಯಬಹುದು. ನಾಲ್ವರಾದರೆ ಮೈಗೆ ಮೈ ತಾಗುತ್ತದೆ, ನಡಿಗೆ ನಿಧಾನವಾಗುತ್ತದೆ. ಐದು ದಾಟಿದರೆ ಅಪಾಯ ಆರಂಭ. ಆರೇಳು ಮಂದಿಯಾದರೆ ಆ ಗುಂಪಿನಲ್ಲಿ ಯಾರಿಗೂ ಸ್ವಂತ ಚಲನೆ ಇರುವುದಿಲ್ಲ, ನೀರಿನ ಹಾಗೆ ಅಲೆಅಲೆಯಾಗಿ ಇಡೀ ಗುಂಪೇ ತೂಗಾಡುತ್ತದೆ. ಆಮೇಲೆ ಮೈಕಿನಲ್ಲಿ ಎಷ್ಟು ಕೂಗಿದರೂ, ಪೊಲೀಸರು ಎಷ್ಟು ಬಂದರೂ ಮಾಡಬಹುದಾದದ್ದು ಅತ್ಯಲ್ಪ. ಆದ್ದರಿಂದ ತಡೆಯುವ ಕೆಲಸವೆಲ್ಲ ಅದಕ್ಕೆ ಮೊದಲೇ ಆಗಬೇಕು.

ಇನ್ನೊಂದು ವಿಷಯ. ತಳ್ಳುವವರಿಗೆ ತಾವು ತಳ್ಳುತ್ತಿದ್ದೇವೆ ಎಂಬ ಅರಿವೇ ಇರುವುದಿಲ್ಲ. ಹಿಂದಿರುವವನು ಕೇವಲ ಒಂದು ಹೆಜ್ಜೆ ಮುಂದಿಡುತ್ತಾನೆ, ಅಂತಹ ನೂರು ಹೆಜ್ಜೆಗಳ ಭಾರ ಎದುರಿನ ಗೇಟಿಗೋ ಕಂಬಿಗೋ ಒತ್ತಿಕೊಂಡ ಮಗುವಿನ ಮೇಲೆ ಬೀಳುತ್ತದೆ. ನಮ್ಮ ಸ್ವಯಂಸೇವಕರು ಸಾಮಾನ್ಯವಾಗಿ ನಿಲ್ಲುವುದು ಮುಂದುಗಡೆ, ವೇದಿಕೆಯ ಬಳಿ, ಧರ್ಮಾಧ್ಯಕ್ಷರ ಹತ್ತಿರ, ಫೋಟೋ ತೆಗೆಯುವವರ ಕಣ್ಣಿಗೆ ಬೀಳುವಂತೆ. ಅವರು ಇರಬೇಕಾದದ್ದು ಹಿಂದುಗಡೆ.

2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್‌ನಲ್ಲಿ 159 ಮಂದಿ, ಹೆಚ್ಚಿನವರು ಯುವಕ ಯುವತಿಯರು, ಸತ್ತದ್ದು ಸುಮಾರು 3.2 ಮೀಟರ್ ಅಗಲದ, 40 ಮೀಟರ್ ಉದ್ದದ ಇಳಿಜಾರು ಓಣಿಯಲ್ಲಿ. ದುರಂತ ನಡೆದದ್ದು ರಾತ್ರಿ ಹತ್ತೂಕಾಲರ ಹೊತ್ತಿಗೆ. 'ಇಲ್ಲಿ ಜನ ನಜ್ಜುಗುಜ್ಜಾಗುವ ಹಾಗಿದೆ' ಎಂಬ ಅರ್ಥದ ಮೊದಲ ಕರೆ ಪೊಲೀಸರಿಗೆ ಹೋದದ್ದು ಸಂಜೆ 6.34ಕ್ಕೆ. ಸುಮಾರು ನಾಲ್ಕು ಗಂಟೆ ಕೈಯಲ್ಲಿತ್ತು. ಅದು ಯಾವ ಸಂಸ್ಥೆಯೂ ಏರ್ಪಡಿಸಿದ ಕಾರ್ಯಕ್ರಮವಲ್ಲದ ಕಾರಣ ಜನಸಂದಣಿಯ ಯೋಜನೆಯನ್ನು ಯಾರೂ ಮಾಡಿರಲಿಲ್ಲ.

ನಮ್ಮದೇ ರಾಜ್ಯದ ಗಾಯ ಇನ್ನೂ ಹಸಿಯಾಗಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಲಕ್ಷಗಟ್ಟಲೆ ಜನ ಬಂದರು. ಹಿಂದಿನ ರಾತ್ರಿ ಗೆಲುವು, ಮರುದಿನವೇ ಸಂಭ್ರಮ. ಸಾವುಗಳು ಸಂಭವಿಸಿದ್ದು ಗೇಟುಗಳ ಹೊರಗೆ, ಒಳಗೆ ಕಾರ್ಯಕ್ರಮ ನಡೆಯುತ್ತಲೇ ಇತ್ತು. ಹೊರಗಿನ ಸುದ್ದಿ ಒಳಗಿನವರಿಗೆ ತಲುಪುವ ದಾರಿ ಇಲ್ಲದಿದ್ದರೆ ಹೀಗೆಯೇ ಆಗುತ್ತದೆ. ನಮ್ಮ ಬಲಿಪೂಜೆಯ ಸಮಯದಲ್ಲಿ ಗೇಟಿನ ಬಳಿ ಏನಾಗುತ್ತಿದೆ ಎಂದು ಪೀಠದಲ್ಲಿರುವ ಗುರುವಿಗೆ ತಿಳಿಸುವವರು ಯಾರು?

ಬಾಗಿಲುಗಳ ಲೆಕ್ಕ

ಪಾಲನಾ ಪರಿಷತ್ತಿನವರು ಒಮ್ಮೆ ಅಳತೆ ಪಟ್ಟಿ ಹಿಡಿದು ಚರ್ಚಿನ ಬಾಗಿಲುಗಳನ್ನು ಅಳೆಯಬೇಕೆಂದು ನನ್ನ ವಿನಂತಿ. ಬ್ರಿಟನ್ನಿನ ಕ್ರೀಡಾಂಗಣಗಳಿಗಾಗಿ ಮಾಡಿದ ಸುರಕ್ಷಾ ಕೈಪಿಡಿಯ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಸಾಗಬಹುದು, ಮೆಟ್ಟಿಲುಗಳಲ್ಲಿ 66. ನಮ್ಮ ಚರ್ಚಿನಲ್ಲಿ 1,200 ಮಂದಿ ಇದ್ದಾರೆ, ಮುಖ್ಯದ್ವಾರ ಎರಡು ಮೀಟರ್ ಎಂದಿಟ್ಟುಕೊಳ್ಳಿ. ಎಲ್ಲರೂ ಅಲ್ಲಿಂದಲೇ ಹೊರಟರೆ ಏಳು ನಿಮಿಷಕ್ಕೂ ಹೆಚ್ಚು ಬೇಕು. ತಲಾ 1.2 ಮೀಟರಿನ ಎರಡು ಪಕ್ಕದ ಬಾಗಿಲುಗಳೂ ತೆರೆದಿದ್ದರೆ ಮೂರೂವರೆ ನಿಮಿಷದೊಳಗೆ ಚರ್ಚ್ ಖಾಲಿ. ಇದು ಯುವಕರ, ನೇರ ದಾರಿಯ, ಬೆಳಕಿರುವ ಹೊತ್ತಿನ ಲೆಕ್ಕ. ಅಜ್ಜ ಅಜ್ಜಿಯರು, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಂದಿರು ಇರುವ ನಮ್ಮ ಸಭೆಗೆ ಇದರ ದುಪ್ಪಟ್ಟು ಸಮಯ ಇಟ್ಟುಕೊಳ್ಳುವುದು ಒಳಿತು.

ಈಗ ಪ್ರಶ್ನೆ: ಹಬ್ಬದ ದಿನ ಆ ಪಕ್ಕದ ಬಾಗಿಲುಗಳು ತೆರೆದಿರುತ್ತವೆಯೇ? ನಾನು ಕಂಡ ಅನೇಕ ಕಡೆ ಒಂದರ ಮುಂದೆ ಟಿವಿ ಪರದೆ, ಇನ್ನೊಂದರ ಮುಂದೆ ಗಾಯನ ಮಂಡಳಿಯ ಕೀಬೋರ್ಡ್ ಮತ್ತು ವೈರುಗಳು. ಮೂರನೆಯದಕ್ಕೆ ಬೀಗ, ಅದರ ಕೀಲಿಕೈ ಸಾಕ್ರಿಸ್ತಿಯ ಡ್ರಾಯರಿನಲ್ಲಿ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು.

ಇದನ್ನು ಬರೆಯುವಾಗ ಚಿಲಿ ದೇಶದ ರಾಜಧಾನಿ ಸಾಂತಿಯಾಗೊದಲ್ಲಿ ನಡೆದದ್ದು ನೆನಪಾಗುತ್ತದೆ. 1863ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಯೇಸುಸಭೆಯವರು ಕಟ್ಟಿದ್ದ ಚರ್ಚ್ ಸಂಜೆಯ ಪ್ರಾರ್ಥನೆಗೆ ಕಿಕ್ಕಿರಿದಿತ್ತು, ಬಂದವರಲ್ಲಿ ಹೆಚ್ಚಿನವರು ಮಹಿಳೆಯರು. ಸಾವಿರಾರು ದೀಪಗಳು, ಬಟ್ಟೆಯ ಅಲಂಕಾರ. ಪೀಠದ ಬಳಿಯ ದೀಪವೊಂದರಿಂದ ಹೊತ್ತಿದ ಬೆಂಕಿ ಛಾವಣಿಗೆ ಏರಿತು. ಒಳಕ್ಕೆ ತೆರೆಯುವ ಬಾಗಿಲುಗಳಿಗೆ ಜನ ಒತ್ತಿಕೊಂಡದ್ದರಿಂದ ಅವುಗಳನ್ನು ತೆರೆಯುವುದೇ ಅಸಾಧ್ಯವಾಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಅಂದು ಸತ್ತರು. ಆ ನಗರದ ಸ್ವಯಂಸೇವಕ ಅಗ್ನಿಶಾಮಕ ದಳ ಹುಟ್ಟಿದ್ದು ಆ ದುಃಖದಿಂದ, ಅದೇ ತಿಂಗಳಿನಲ್ಲಿ.

ಚರ್ಚಿನೊಳಗೆ ಮಾತ್ರವಲ್ಲ, ಶಾಮಿಯಾನದ ಕೆಳಗೂ ಇದೇ ಮಾತು. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಪೆಂಡಾಲಿಗೆ ಬೆಂಕಿ ತಗಲಿ ನಾನೂರಕ್ಕೂ ಹೆಚ್ಚು ಮಂದಿ, ಅದರಲ್ಲೂ ಬಹುತೇಕ ಮಕ್ಕಳು, ಸುಟ್ಟುಹೋದರು. ಸಿಂಥೆಟಿಕ್ ಬಟ್ಟೆಯ ಚಪ್ಪರ ಕರಗಿ ತಲೆಯ ಮೇಲೆ ಸುರಿದಿತ್ತು, ಹೊರಹೋಗಲು ಸರಿಯಾದ ದಾರಿ ಇರಲಿಲ್ಲ. ತಾತ್ಕಾಲಿಕ ಪೆಂಡಾಲುಗಳಿಗೆ ಭಾರತೀಯ ಮಾನಕ ಬ್ಯೂರೋದ ಪ್ರತ್ಯೇಕ ನಿಯಮವೇ ಇದೆ, ಅದರ ಸಂಖ್ಯೆ ಐಎಸ್ 8758. ಛಾವಣಿ ಮೂರು ಮೀಟರಿಗಿಂತ ಕೆಳಗಿರಬಾರದು, ವಿದ್ಯುತ್ ತಂತಿಯ ಕೆಳಗೆ ಚಪ್ಪರ ಹಾಕಬಾರದು, ಸಿಂಥೆಟಿಕ್ ಬಟ್ಟೆ, ಹಗ್ಗ ಬಳಸಬಾರದು ಎಂದೆಲ್ಲ ಅದರಲ್ಲಿದೆ. ಪೆಂಡಾಲಿನವರ ಜತೆ ಕರಾರು ಮಾಡುವಾಗ ದರದ ಬಗ್ಗೆ ಚೌಕಾಸಿ ಮಾಡುವಷ್ಟೇ ಶ್ರದ್ಧೆಯಿಂದ ಈ ಸಂಖ್ಯೆಯನ್ನೂ ಹೇಳಿದರೆ ಒಳ್ಳೆಯದು. ಪ್ಲಾಸ್ಟಿಕ್ ಕುರ್ಚಿಗಳ ಬಗ್ಗೆಯೂ ಒಂದು ಮಾತು: ನಾಲ್ಕೈದನ್ನು ಒಟ್ಟಿಗೆ ಕಟ್ಟಿಡಿ. ಗಾಬರಿಯಾದಾಗ ಬಿಡಿ ಕುರ್ಚಿಗಳು ಉರುಳಿ ಕಾಲಿಗೆ ತೊಡಕಾಗುತ್ತವೆ. ಮಧ್ಯದ ದಾರಿಯಲ್ಲಿ 'ಇನ್ನೊಂದೇ ಸಾಲು' ಎಂದು ಕುರ್ಚಿ ಹಾಕುವ ಉತ್ಸಾಹಿಗಳನ್ನು ನಯವಾಗಿ ತಡೆಯಿರಿ.

ಎಷ್ಟು ಜನ ಬರುತ್ತಾರೆ?

ಈ ಪ್ರಶ್ನೆಗೆ 'ತುಂಬ ಜನ' ಎಂಬ ಉತ್ತರ ಸಾಲದು. ನಮ್ಮಲ್ಲಿ ಒಳ್ಳೆಯ ಲೆಕ್ಕವೊಂದು ಆಗಲೇ ಇದೆ, ಯಾರೂ ಅದನ್ನು ಹಾಗೆ ನೋಡುವುದಿಲ್ಲ ಅಷ್ಟೇ. ಕಳೆದ ಹಬ್ಬಕ್ಕೆ ಎಷ್ಟು ರೊಟ್ಟಿಗಳನ್ನು ಪರಮಪ್ರಸಾದಕ್ಕೆ ಇಟ್ಟಿದ್ದೆವು, ಎಷ್ಟು ಉಳಿಯಿತು ಎಂಬುದು ಸಾಕ್ರಿಸ್ತಿ ನೋಡಿಕೊಳ್ಳುವ ಧರ್ಮಭಗಿನಿಯರಿಗೆ ಕರಾರುವಾಕ್ಕಾಗಿ ಗೊತ್ತು. ಅದಕ್ಕೆ ಚಿಕ್ಕ ಮಕ್ಕಳನ್ನು, ಹೊರಗೆ ನಿಂತವರನ್ನು, ಬೇರೆ ಧರ್ಮದ ನೆರೆಹೊರೆಯವರನ್ನು ಸೇರಿಸಿ. ಊಟದ ತಟ್ಟೆಗಳ ಸಂಖ್ಯೆ, ಮಾರಾಟವಾದ ಮೇಣದ ಬತ್ತಿಗಳ ಸಂಖ್ಯೆಯೂ ಸಹಾಯಕ್ಕೆ ಬರುತ್ತವೆ. ಅತ್ತೂರಿನಂತಹ ಪುಣ್ಯಕ್ಷೇತ್ರದಲ್ಲಿ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುವುದರಿಂದ ರೊಟ್ಟಿಯ ಲೆಕ್ಕ ಸಾಲದು, ಗೇಟಿನಲ್ಲೇ ಎಣಿಸಬೇಕಾಗುತ್ತದೆ.

ಅತ್ತೂರಿನಿಂದ ಕಲಿಯಬೇಕಾದ ದೊಡ್ಡ ಪಾಠವೆಂದರೆ ಸಮಯವನ್ನು ಹಂಚುವುದು. ಸಂತ ಲಾರೆನ್ಸರ ಆ ಬಸಿಲಿಕಾದಲ್ಲಿ ಹಬ್ಬ ಹಲವು ದಿನ ನಡೆಯುತ್ತದೆ, ಪ್ರತಿದಿನ ಬೆಳಗಿನಿಂದ ರಾತ್ರಿಯವರೆಗೆ ಕೊಂಕಣಿ ಮತ್ತು ಕನ್ನಡದಲ್ಲಿ ಬಲಿಪೂಜೆಗಳು ಸಾಗುತ್ತವೆ. ಬರುವ ಜನ ಒಂದೇ ಗಂಟೆಗೆ ಒಂದೇ ಬಾಗಿಲಿಗೆ ಬೀಳುವುದಿಲ್ಲ. ಗೋಡೆಗಳನ್ನು ಅಗಲ ಮಾಡಲಾಗದ ಕಡೆ ಗಡಿಯಾರವನ್ನು ಅಗಲ ಮಾಡಬಹುದು. ನಮ್ಮ ಧರ್ಮಕೇಂದ್ರದಲ್ಲಿ ಒಂದೇ ಬಲಿಪೂಜೆಗೆ ಮೂರು ಸಾವಿರ ಜನರನ್ನು ತುಂಬಿಸುವುದಕ್ಕಿಂತ ಎರಡು ಬಲಿಪೂಜೆ ಇಟ್ಟರೆ ತಪ್ಪೇನು? ಎಲ್ಲರೂ ಒಂದೇ ಸಲ ಸೇರಿದರೆ ಮಾತ್ರ ಹಬ್ಬ 'ಗ್ರ್ಯಾಂಡ್' ಎಂಬ ಭಾವನೆಯನ್ನು ನಾವೇ ಬೆಳೆಸಿದ್ದೇವೆ.

ಬರುವ ಹೊತ್ತಿಗಿಂತ ಹೋಗುವ ಹೊತ್ತು ಹೆಚ್ಚು ಅಪಾಯದ್ದು. ಬರುವವರು ಒಂದು ಗಂಟೆಯುದ್ದಕ್ಕೂ ಬಿಡಿಬಿಡಿಯಾಗಿ ಬರುತ್ತಾರೆ, ಹೊರಡುವಾಗ ಎಲ್ಲರೂ ಒಟ್ಟಿಗೇ. ಪೂಜ್ಯ ವಸ್ತು ಅಥವಾ ಪೂಜ್ಯ ವ್ಯಕ್ತಿ ಹಾದುಹೋಗುವ ಕ್ಷಣ ಇನ್ನೂ ಸೂಕ್ಷ್ಮ. 2024ರ ಜುಲೈ 2ರಂದು ಉತ್ತರಪ್ರದೇಶದ ಹಾಥರಸ್‌ನಲ್ಲಿ 121 ಮಂದಿ ಸತ್ತದ್ದು ಸತ್ಸಂಗ ಮುಗಿದು ಪ್ರವಚನಕಾರರು ಹೊರಡುವ ಹೊತ್ತಿನಲ್ಲಿ. ಪೊಲೀಸರ ದೂರಿನ ಪ್ರಕಾರ ಅನುಮತಿ ಇದ್ದದ್ದು 80 ಸಾವಿರ ಜನರಿಗೆ, ಬಂದವರು ಎರಡೂವರೆ ಲಕ್ಷ. ಇದು ಬೇರೆಯವರ ಕಥೆ ಎಂದು ಭಾವಿಸಬೇಡಿ. ಸಂತರ ಪವಿತ್ರ ಅವಶೇಷ ಬಂದಾಗ, ಪವಾಡ ಮೂರ್ತಿಯನ್ನು ಮುಟ್ಟುವ ಅವಕಾಶ ಸಿಕ್ಕಾಗ ನಮ್ಮ ಜನ ಹೇಗೆ ಮುನ್ನುಗ್ಗುತ್ತಾರೆಂದು ನಾವೆಲ್ಲ ಕಂಡಿದ್ದೇವೆ. ಫಿಲಿಪೈನ್ಸಿನ ಮನಿಲಾದಲ್ಲಿ ಪ್ರತಿ ಜನವರಿ 9ರಂದು ನಡೆಯುವ ಕಪ್ಪು ನಜರೇನನ ಮೆರವಣಿಗೆಯಲ್ಲಿ ಲಕ್ಷಾಂತರ ಭಕ್ತರು ಮೂರ್ತಿಯ ಬಂಡಿಯ ಮೇಲೆ ಹತ್ತುತ್ತಿದ್ದರು. 2024ರಲ್ಲಿ ಅಲ್ಲಿನ ಚರ್ಚ್ ಮೂರ್ತಿಯನ್ನು ಗಾಜಿನ ಆವರಣದೊಳಗೆ ಇಟ್ಟು, ಬಂಡಿ ಹತ್ತುವುದನ್ನು ನಿಷೇಧಿಸಿತು. ನಾವು ಒಂದು ಸಾಲು, ಹೋಗಲು ಒಂದು ದಾರಿ, ಬರಲು ಇನ್ನೊಂದು ದಾರಿ ಮಾಡಿ ಎರಡು ಹಗ್ಗ ಕಟ್ಟುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ತಂತಿ, ಪಟಾಕಿ, ಮೇಣದ ಬತ್ತಿ

ಜನಸಂದಣಿಯಷ್ಟೇ ಭಯ ನನಗೆ ವಿದ್ಯುತ್ತಿನದು. 2025ರ ಮಾರ್ಚ್ 1ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರದ ಇನಯಂ ಪುತ್ತನ್‌ತುರೈ ಗ್ರಾಮದಲ್ಲಿ ಸಂತ ಅಂತೋನಿಯವರ ಚರ್ಚಿನ ಹಬ್ಬದ ಸಿದ್ಧತೆ ನಡೆಯುತ್ತಿತ್ತು. ದೀಪಾಲಂಕಾರಕ್ಕೆ ಬಳಸಿದ ಎತ್ತರದ ಕಬ್ಬಿಣದ ಏಣಿಯನ್ನು ಸರಿಸುವಾಗ ಅದು ಮೇಲಿನ ಹೈಟೆನ್ಷನ್ ತಂತಿಗೆ ತಗಲಿ ನಾಲ್ವರು ಸ್ಥಳದಲ್ಲೇ ಸತ್ತರು. ನಮ್ಮಂತಹದೇ ಮೀನುಗಾರರ ಊರು, ನಮ್ಮಂತಹದೇ ಹಬ್ಬ. 2022ರ ಏಪ್ರಿಲ್ 27ರಂದು ತಂಜಾವೂರಿನ ಕಳಿಮೇಡಿನಲ್ಲಿ ತೇರು ವಿದ್ಯುತ್ ತಂತಿಗೆ ತಗಲಿ 11 ಮಂದಿ ಸತ್ತಿದ್ದರು. ಪರಮಪ್ರಸಾದದ ಮೆರವಣಿಗೆಗೆ ಲಾರಿಯನ್ನು ಅಲಂಕರಿಸುವವರು, ಕಬ್ಬಿಣದ ಕಮಾನು ನಿಲ್ಲಿಸುವವರು ಮೊದಲು ತಲೆಯೆತ್ತಿ ತಂತಿಗಳನ್ನು ನೋಡಲಿ. ಮೆರವಣಿಗೆಯ ದಾರಿಯನ್ನು ಎತ್ತರದ ಅಳತೆಯೊಂದಿಗೆ ಮೆಸ್ಕಾಂ ಕಚೇರಿಗೆ ಮುಂಚಿತವಾಗಿ ತಿಳಿಸಿ, ಆ ಹೊತ್ತಿಗೆ ಅಲ್ಲಿ ವಿದ್ಯುತ್ ನಿಲುಗಡೆ ಮಾಡಲು ಕೋರಬಹುದು. ಸೀರಿಯಲ್ ಲೈಟಿನ ಜೋಡಣೆಗಳಿಗೆ ಇಎಲ್‌ಸಿಬಿ ಇರಲೇಬೇಕು. ಮೊಂತಿ ಫೆಸ್ತಿನ ಸಮಯದಲ್ಲಿ ಮಳೆಯೂ ಇರುತ್ತದೆ, ಒದ್ದೆ ಹುಲ್ಲಿನ ಮೇಲೆ ಬಿದ್ದ ಒಂದು ಸುಲಿದ ವೈರು ಸಾಕು. ಗೋದಲಿಯ ಬೈಹುಲ್ಲಿನೊಳಗೆ ರಾತ್ರಿಯಿಡೀ ಉರಿಯುವ ಅಗ್ಗದ ಲೈಟಿನ ಸರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಪಟಾಕಿಯ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸದು: ನಮ್ಮ ಹಬ್ಬಗಳಿಗೆ ಅದು ಬೇಡವೇ ಬೇಡ. 2016ರ ಏಪ್ರಿಲ್ 10ರಂದು ಕೊಲ್ಲಂ ಬಳಿಯ ಪುಟ್ಟಿಂಗಲ್ ದೇವಸ್ಥಾನದಲ್ಲಿ ಸಿಡಿಮದ್ದಿನ ದಾಸ್ತಾನಿಗೆ ಬೆಂಕಿ ತಗಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. 2024ರ ಅಕ್ಟೋಬರ್ 28ರ ರಾತ್ರಿ ನಮಗೆ ಸಮೀಪದ ನೀಲೇಶ್ವರದ ದೈವಸ್ಥಾನವೊಂದರಲ್ಲಿ ಸುಡುಮದ್ದು ಇಟ್ಟಿದ್ದ ಕೊಠಡಿಗೆ ಕಿಡಿ ಹಾರಿ 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಬಳಿಕ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಗಾಯಾಳುಗಳಲ್ಲಿ ಹಲವರನ್ನು ಮಂಗಳೂರಿನ ಆಸ್ಪತ್ರೆಗಳಿಗೇ ತಂದಿದ್ದರು. ಬಿಡಲೇ ಆಗದು ಎನ್ನುವವರು ಪರವಾನಗಿ ಇರುವವರಿಂದಲೇ ಹೊಡೆಸಲಿ, ದಾಸ್ತಾನನ್ನು ಜನರಿಂದಲೂ ಸಿಡಿಸುವ ಜಾಗದಿಂದಲೂ ದೂರವಿಡಲಿ. ನೀಲೇಶ್ವರದಲ್ಲಿ ತಪ್ಪಿದ್ದು ಅಲ್ಲಿಯೇ.

ಪಾಸ್ಕ ಜಾಗರಣೆಯಲ್ಲಿ ಕತ್ತಲಿನಲ್ಲಿ ನೂರಾರು ಮೇಣದ ಬತ್ತಿಗಳು ಹೊತ್ತುತ್ತವೆ. ಸಿಂಥೆಟಿಕ್ ದುಪಟ್ಟಾ, ಸೀರೆಯ ಸೆರಗು, ಮುಂದಿನ ಸಾಲಿನ ಹುಡುಗಿಯ ಬಿಚ್ಚುಗೂದಲು. ಬತ್ತಿಗೆ ಕಾಗದದ ಬಟ್ಟಲು ಸಿಕ್ಕಿಸಿ ಕೊಡುವುದು, ಪ್ರತಿ ಹತ್ತು ಸಾಲಿಗೆ ಒಬ್ಬರು ಒದ್ದೆ ಗೋಣಿ ಅಥವಾ ಅಗ್ನಿಶಾಮಕ ಸಿಲಿಂಡರಿನೊಂದಿಗೆ ನಿಲ್ಲುವುದು ದೊಡ್ಡ ಖರ್ಚಿನ ಕೆಲಸವಲ್ಲ. ಸಿಲಿಂಡರ್ ಗೋಡೆಯಲ್ಲಿ ನೇತಾಡಿದರೆ ಸಾಲದು, ಅದರ ಪಿನ್ ಎಳೆಯಲು ಬರುವವರು ಬೇಕು. ಅದರ ಅವಧಿ ಮುಗಿದಿದೆಯೇ ಎಂದು ಈ ಭಾನುವಾರವೇ ನೋಡಿ.

ಒಬ್ಬರು ಯಾರು?

ಯೋಜನೆಯಲ್ಲಿ ಅತ್ಯಂತ ಮುಖ್ಯವಾದದ್ದು, ನನ್ನ ಅನುಭವದಲ್ಲಿ ಅತ್ಯಂತ ಕಷ್ಟದ್ದು ಇದು: ಒಬ್ಬ ವ್ಯಕ್ತಿಗೆ ಹೊಣೆ ಕೊಡುವುದು. ಸಮಿತಿಗಲ್ಲ, ಒಬ್ಬರಿಗೆ. ಅದು ಧರ್ಮಗುರು ಆಗಿರಬಾರದು. ಬಲಿಪೂಜೆ ಅರ್ಪಿಸುವವರ ಕಣ್ಣು, ಮನಸ್ಸು ಪೀಠದ ಮೇಲಿರಬೇಕು. ನಿವೃತ್ತ ಸೈನಿಕರು, ನಿವೃತ್ತ ಪೊಲೀಸರು, ಗಲ್ಫಿನ ಕಂಪನಿಗಳಲ್ಲಿ ಸುರಕ್ಷತಾ ಅಧಿಕಾರಿಗಳಾಗಿ ದುಡಿದು ಊರಿಗೆ ಮರಳಿದವರು ನಮ್ಮ ವಾಳೆಗಳಲ್ಲಿ ಇದ್ದಾರೆ. ಅವರನ್ನು ಹಬ್ಬದಲ್ಲಿ ಸನ್ಮಾನಿಸಿ ಶಾಲು ಹೊದಿಸುತ್ತೇವೆಯೇ ಹೊರತು ಕೆಲಸ ಕೊಡುವುದಿಲ್ಲ. ಆ ಒಬ್ಬರಿಗೆ ಗೇಟು ತೆರೆಸುವ, ಒಳಬರುವವರನ್ನು ನಿಲ್ಲಿಸುವ, ಅಗತ್ಯವಿದ್ದರೆ ಗಾಯನವನ್ನೂ ಬಲಿಪೂಜೆಯನ್ನೂ ಕೆಲಹೊತ್ತು ನಿಲ್ಲಿಸುವ ಅಧಿಕಾರ ಇರಬೇಕು. ಆ ಸಂಕೇತ ಏನು, ಅದನ್ನು ಯಾರು ಪೀಠಕ್ಕೆ ತರುತ್ತಾರೆ ಎಂಬುದನ್ನು ಸಾಕ್ರಿಸ್ತಿಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಮುಖ್ಯ ಅತಿಥಿಯಾಗಿ ಬಂದ ಧರ್ಮಾಧ್ಯಕ್ಷರಿಗೂ ತಿಳಿಸಿ. ನನಗೆ ತಿಳಿದಂತೆ ಯಾವ ಧರ್ಮಾಧ್ಯಕ್ಷರೂ ಇದಕ್ಕೆ ಬೇಸರಿಸುವವರಲ್ಲ.

ಹಬ್ಬಕ್ಕೆ ಒಂದು ವಾರ ಮೊದಲು, ಹಬ್ಬದ ದಿನ ಜನ ಹೊರಡುವ ಅದೇ ಕತ್ತಲೆಯ ಹೊತ್ತಿನಲ್ಲಿ ಇಡೀ ಆವರಣವನ್ನು ಒಮ್ಮೆ ನಡೆದು ನೋಡಿ. ಜತೆಗೆ ಎಲೆಕ್ಟ್ರಿಷಿಯನ್, ಒಬ್ಬ ನರ್ಸ್, ಸ್ತ್ರೀ ಸಂಘಟನೆಯ ಒಬ್ಬರು, ಐಸಿವೈಎಂ ಅಧ್ಯಕ್ಷ ಇರಲಿ. ಸಾಧ್ಯವಾದರೆ ಠಾಣೆಯ ಒಬ್ಬರನ್ನೂ ಕರೆಯಿರಿ. ಒಂದು ಕಾಗದದಲ್ಲಿ ಗೇಟು, ಬಾವಿ, ಟ್ರಾನ್ಸ್‌ಫಾರ್ಮರ್, ಮೆಟ್ಟಿಲು, ಜನರೇಟರ್, ಅಡುಗೆಯ ಗ್ಯಾಸ್, ವಾಹನ ನಿಲುಗಡೆ ಎಲ್ಲ ಗುರುತಿಸಿ. ಆಂಬುಲೆನ್ಸ್ ಬರುವ ದಾರಿಯನ್ನು ಕೆಂಪು ಶಾಯಿಯಲ್ಲಿ ಎಳೆಯಿರಿ, ಆ ಗೆರೆಯ ಮೇಲೆ ಯಾರ ಕಾರೂ ನಿಲ್ಲಬಾರದು, ವಿಗಾರರ ಕಾರು ಸಹ. ಬಾವಿಕಟ್ಟೆಯ ಮೇಲೆ ಮಕ್ಕಳು ಹತ್ತದಂತೆ ಬಲೆ ಹಾಕಿ. ಹೊರಹೋಗುವ ದಾರಿಗೆ ಬ್ಯಾಟರಿಯಲ್ಲಿ ಉರಿಯುವ ನಾಲ್ಕು ದೀಪಗಳಿದ್ದಿದ್ದರೆ ನಮ್ಮ ಅಜ್ಜಿ ಅಂದು ಬೀಳುತ್ತಿರಲಿಲ್ಲ.

ನಮ್ಮ ಮನೆಮನೆಗಳಲ್ಲಿ ನರ್ಸುಗಳಿದ್ದಾರೆ, ಆದರೂ ಹಬ್ಬದ ದಿನ ಪ್ರಥಮ ಚಿಕಿತ್ಸೆಯ ಮೇಜು ಕಾಣಸಿಗುವುದು ಅಪರೂಪ. ಎದೆಬಡಿತ ನಿಂತವರಿಗೆ ಎದೆ ಒತ್ತುವ ವಿಧಾನವನ್ನು ಯುವಜನರಿಗೆ ಕಲಿಸಲು ಒಂದು ಭಾನುವಾರದ ಎರಡು ಗಂಟೆ ಸಾಕು. 112 ಮತ್ತು 108 ಸಂಖ್ಯೆಗಳನ್ನು ಸ್ವಯಂಸೇವಕರ ಗುರುತಿನ ಚೀಟಿಯ ಹಿಂದೆಯೇ ಮುದ್ರಿಸಿ.

ಕಳೆದುಹೋದ ಮಕ್ಕಳ ವಿಷಯದಲ್ಲಿ ತಂದೆತಾಯಿಯರನ್ನು ಬೈಯುವುದು ಬೇಡ. ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹೊರಟ ಮರಿಯಮ್ಮನವರಿಗೂ ಜೋಸೆಫರಿಗೂ ಮಗ ಜತೆಯಲ್ಲಿಲ್ಲ ಎಂದು ತಿಳಿದದ್ದು ಒಂದು ದಿನದ ದಾರಿ ನಡೆದ ಮೇಲೆ. ಮೈಕಿನ ಬಳಿ ಒಂದು ನಿಗದಿತ ಜಾಗ ಇರಲಿ, ಅಲ್ಲಿ ಯಾವಾಗಲೂ ಇಬ್ಬರು ಹಿರಿಯರು, ಅವರಲ್ಲಿ ಒಬ್ಬರಾದರೂ ಮಹಿಳೆ, ಇರಲಿ. ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಬೇಡಿ, ಪೋಷಕರ ಹೆಸರನ್ನು ಕರೆಯಿರಿ. ಕರೆದೊಯ್ಯಲು ಬಂದವರನ್ನು ಮಗು ಗುರುತಿಸಿದ ಮೇಲಷ್ಟೇ ಒಪ್ಪಿಸಿ.

ಭದ್ರತೆ ಎಂದಾಗ ಇನ್ನೊಂದು ಬಗೆಯ ಭಯವೂ ನಮ್ಮ ಮನಸ್ಸಿಗೆ ಬರುತ್ತದೆ. 2008ರ ಸೆಪ್ಟೆಂಬರ್ 14ರ ಭಾನುವಾರವನ್ನು ಈ ಜಿಲ್ಲೆಯ ಕ್ರೈಸ್ತರು ಮರೆತಿಲ್ಲ. 2019ರ ಏಪ್ರಿಲ್ 21ರ ಪಾಸ್ಕ ಭಾನುವಾರ ಶ್ರೀಲಂಕಾದ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬು ಸಿಡಿದು 250ಕ್ಕೂ ಹೆಚ್ಚು ಮಂದಿ ಸತ್ತರು. ಅಂದು ಬಟ್ಟಿಕಲೋವಾದ ಸಿಯೋನ್ ಚರ್ಚಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಅಪರಿಚಿತನನ್ನು ಸಭೆಯ ಸದಸ್ಯನೊಬ್ಬ ಹೊರಗೇ ತಡೆದು ಮಾತನಾಡಿಸಿದ, ಒಳಗೆ ಬಿಡಲಿಲ್ಲ. ಆತ ತನ್ನ ಪ್ರಾಣ ಕೊಟ್ಟ. ಹೊರಗಿದ್ದ ಅನೇಕರು ಸತ್ತರೂ ಒಳಗಿದ್ದ ನೂರಾರು ಮಂದಿ ಉಳಿದರು. ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ನಮಸ್ಕಾರ ಹೇಳುವ ಇಬ್ಬರು ಪರಿಚಿತ ಮುಖಗಳು ಯಾವ ಸಿಸಿಟಿವಿಗಿಂತಲೂ ಮೇಲು. ಸಂಶಯ ಬಂದರೆ ತಾವೇ ಹಿಡಿದು ವಿಚಾರಣೆ ನಡೆಸಬಾರದು, ಪೊಲೀಸರಿಗೆ ತಿಳಿಸಬೇಕು. ಬೇರೆ ಧರ್ಮದ ನೆರೆಯವರನ್ನು ಅನುಮಾನದ ಕಣ್ಣಿನಿಂದ ನೋಡುವುದಂತೂ ಕೂಡದು. ನಮ್ಮ ಹಬ್ಬಕ್ಕೆ ಬಾಳೆಹಣ್ಣು, ಹೂವು ತರುವವರು ಅವರೇ.

ಅನುಮತಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಠಾಣೆ, ಪಂಚಾಯತು ಅಥವಾ ಪಾಲಿಕೆ, ಮೆಸ್ಕಾಂ, ಅಗ್ನಿಶಾಮಕ ಠಾಣೆ, ಇವರಿಗೆ ತಿಂಗಳ ಮೊದಲೇ ಪತ್ರ ಕೊಟ್ಟು ಸ್ವೀಕೃತಿ ಪಡೆದಿಡಿ. ಪತ್ರದಲ್ಲಿ ಜನಸಂಖ್ಯೆಯನ್ನು ಕಡಿಮೆ ತೋರಿಸಬೇಡಿ. ಧ್ವನಿವರ್ಧಕಕ್ಕೆ 2000ರ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿರ್ಬಂಧವಿದೆ. ಆದರೆ ಅಪಾಯದ ಸಮಯದಲ್ಲಿ ಮಾತಾಡಲು ಕೈಯಲ್ಲಿ ಹಿಡಿಯುವ, ಬ್ಯಾಟರಿಯ ಮೆಗಾಫೋನು ಎರಡಾದರೂ ಇರಲಿ. ಕರೆಂಟು ಹೋದಾಗ ದೊಡ್ಡ ಸೌಂಡ್ ಸಿಸ್ಟಂ ಮೂಕವಾಗುತ್ತದೆ. ಪ್ರಕಟಣೆಯನ್ನು ಕೊಂಕಣಿ, ಕನ್ನಡ, ತುಳು ಮೂರರಲ್ಲೂ ಹೇಳಿ, 'ಓಡಬೇಡಿ' ಎಂದಷ್ಟೇ ಹೇಳದೆ ಎತ್ತ ಹೋಗಬೇಕೆಂದು ಹೇಳಿ.

ಹೆದ್ದಾರಿ ದಾಟುವ ಮೆರವಣಿಗೆಗಳಿಗೆ ಮುಂದೆ ಇಬ್ಬರು, ಹಿಂದೆ ಇಬ್ಬರು ಹೊಳೆಯುವ ಜಾಕೆಟ್ ಧರಿಸಿ ಕೆಂಪು ದೀಪ ಹಿಡಿದು ನಡೆಯಲಿ. ಸಾಲು ತುಂಡಾಗಿ ನಡುವೆ ಅಂತರ ಬಿದ್ದಾಗಲೇ ವಾಹನಗಳು ನುಗ್ಗುತ್ತವೆ. ಪ್ರಥಮ ಪರಮಪ್ರಸಾದದ ಉಡುಗೆಯಲ್ಲಿರುವ ಮಕ್ಕಳನ್ನು ರಸ್ತೆಯ ಮಧ್ಯದ ಬದಿಗೆ ನಡೆಸಬೇಡಿ.

ಕೊನೆಯದಾಗಿ ಒಂದು ಪುಸ್ತಕ. ಹಬ್ಬ ಮುಗಿದ ವಾರದೊಳಗೆ ಸ್ವಯಂಸೇವಕರನ್ನು ಚಹಾಕ್ಕೆ ಕರೆದು, ಏನಾಯಿತು ಎಂಬುದರ ಜತೆ ಏನಾಗುವುದು ಸ್ವಲ್ಪದರಲ್ಲೇ ತಪ್ಪಿತು ಎಂಬುದನ್ನೂ ಬರೆಸಿಡಿ. ಪಶ್ಚಿಮದ ಮೆಟ್ಟಿಲಲ್ಲಿ ಇಬ್ಬರು ಜಾರಿದರು, ಜನರೇಟರಿನ ಡೀಸೆಲ್ ಎಂಟೂಮುಕ್ಕಾಲಿಗೆ ಮುಗಿಯಿತು, ಊಟದ ಸಾಲಿನಲ್ಲಿ ಮಕ್ಕಳು ಟೇಬಲ್ಲಿಗೆ ಒತ್ತಿಕೊಂಡಿದ್ದರು, ಇಂತಹವು. ಕೆಲವು ವರ್ಷಗಳಿಗೊಮ್ಮೆ ಧರ್ಮಗುರುಗಳಿಗೆ ವರ್ಗಾವಣೆ ಆಗುತ್ತದೆ, ಪಾಲನಾ ಪರಿಷತ್ತೂ ಬದಲಾಗುತ್ತದೆ, ಗೊತ್ತಿದ್ದದ್ದೆಲ್ಲ ಅವರ ಜತೆಗೇ ಹೋಗುತ್ತದೆ. ನಾನಿದ್ದ ಆ ಧರ್ಮಕೇಂದ್ರದ ಕಡತದಲ್ಲಿ ಆ ವರ್ಷದ ಲೈಟಿನ ಬಿಲ್ಲು, ಬ್ಯಾಂಡಿನ ಬಿಲ್ಲು, ಕೇಕಿನ ಬಿಲ್ಲು ಎಲ್ಲವೂ ಇವೆ. ಅಜ್ಜಿಯ ಬಗ್ಗೆ ಒಂದು ಸಾಲೂ ಇಲ್ಲ. ಈ ಪುಸ್ತಕವನ್ನು ಲೆಕ್ಕಪತ್ರದ ಕಡತದ ಪಕ್ಕದಲ್ಲೇ ಇಟ್ಟು, ಹೊಸ ವಿಗಾರರು ಅಧಿಕಾರ ಸ್ವೀಕರಿಸುವ ದಿನ ಕೀಲಿಕೈಗಳ ಗೊಂಚಲಿನ ಜತೆ ಅವರ ಕೈಗೆ ಕೊಡಿ.